ತಾರ್ನ್ ಕಮರಿಯಲ್ಲಿ ಸೈಕಲ್: ಕಿಲೋಮೀಟರ್ ಬಿಡಿ, ಏರು ಎಣಿಸಿ

ನಮಸ್ಕಾರ. ನಿಮ್ಮ ಪ್ಲಾನ್ ಎರಡು ಸಲ ಓದಿದೆ. ಆಗಸ್ಟ್ ಎರಡನೇ ವಾರ, ದಕ್ಷಿಣ ಫ್ರಾನ್ಸಿನ ಮಿಯೋದಿಂದ ಹೊರಟು ಮಿಯೋಗೇ ವಾಪಸ್, ನಾಲ್ಕು ದಿನ, ದಿನಕ್ಕೆ 95 ಕಿಲೋಮೀಟರ್, ಟೆಂಟ್ ಸೇರಿ 18 ಕೆಜಿ ಸಾಮಾನು, ತಾರ್ನ್ ನದಿಯ ಕಮರಿಯನ್ನು ಮೂರು ಸಲ ದಾಟೋದು. 'ವಾರಕ್ಕೊಮ್ಮೆ ನಂದಿ ಬೆಟ್ಟ ಹತ್ತುತ್ತೇನೆ, ಸಾಕಾಗುತ್ತಾ?' ಅಂತ ಕೇಳಿದ್ದೀರಿ.

ನಂದಿ ಹತ್ತುವ ಕಾಲಿಗೆ ಈ ಏರುಗಳು ಕಷ್ಟವಲ್ಲ. ಆದರೆ ಈ ಪ್ಲಾನ್ ನಡೆಯೋಲ್ಲ. ನಾನು ಟುಲೂಸ್‌ನಲ್ಲಿದ್ದೇನೆ, ಆ ಕಡೆ ನಾಲ್ಕು ಸಲ ಹೋಗಿ ಬಂದಿದ್ದೇನೆ. ಮೊದಲನೇ ಸಲ ಹೆಚ್ಚುಕಡಿಮೆ ನಿಮ್ಮದೇ ಪ್ಲಾನ್ ಹಾಕಿ, ಎರಡನೇ ದಿನ ಮಧ್ಯಾಹ್ನವೇ ಕೈಬಿಟ್ಟವನು. ಅದಕ್ಕೇ ಉದ್ದವಾಗಿ ಬರೀತಿದ್ದೇನೆ.

ಮೊದಲು ಜಾಗ ಹೇಗಿದೆ ಅಂತ ನೋಡಿ. ಅಲ್ಲಿ 'ಕೋಸ್' ಅಂತ ಕರೆಯುವ ಸುಣ್ಣಕಲ್ಲಿನ ಬಯಲುಗಳಿವೆ. ಸುಮಾರು 900-1000 ಮೀಟರ್ ಎತ್ತರದಲ್ಲಿ ಮೇಜು ಹಾಸಿದ ಹಾಗೆ. ತಾರ್ನ್ ನದಿ ಅವುಗಳ ನಡುವೆ 400ರಿಂದ 600 ಮೀಟರ್ ಆಳಕ್ಕೆ ಕೊರೆದುಕೊಂಡು ಹೋಗಿದೆ. ಒಂದು ಕಡೆ ಕೋಸ್ ಸೊವೆತೇರ್, ಇನ್ನೊಂದು ಕಡೆ ಕೋಸ್ ಮೇಜಾನ್. ನಮ್ಮ ಆಗುಂಬೆಯಲ್ಲಿ ಒಂದು ಸಲ ಹತ್ತಿದರೆ ಮುಗಿಯಿತು, ಮೇಲೆ ಮಲೆನಾಡು, ಎಲ್ಲಾದರೂ ಚಹಾ ಕುಡಿದು ಮುಂದೆ ಹೋಗಬಹುದು. ಇಲ್ಲಿ ಹಾಗಲ್ಲ. ಬೆಳಿಗ್ಗೆ ಬೆವರು ಸುರಿಸಿ ಹತ್ತಿದ್ದನ್ನೆಲ್ಲ ಮಧ್ಯಾಹ್ನ ಮತ್ತೆ ನದಿಯವರೆಗೆ ಇಳಿದು ಕಳೆದುಕೊಳ್ಳಬೇಕು. ಎದುರು ದಡದ ಬಯಲು ಬೇಕು ಅಂದರೆ ಇನ್ನೊಂದು ಸಲ 400 ಮೀಟರ್‌ಗೂ ಜಾಸ್ತಿ ಏರು. ಮ್ಯಾಪಿನಲ್ಲಿ ಎರಡು ಊರಿನ ನಡುವೆ ಬೆರಳಗಲ ಜಾಗ ಕಾಣುತ್ತೆ, ಅಷ್ಟಕ್ಕೇ ಅರ್ಧ ದಿನ ಹೋಗುತ್ತೆ. ದಿನಕ್ಕೆ ಎಷ್ಟು ಕಿಲೋಮೀಟರ್ ಅನ್ನೋದು ಬಿಡಿ, ಎಷ್ಟು ಸಲ ಕಮರಿಯಿಂದ ಮೇಲೆ ಬರಬೇಕು ಅಂತ ಎಣಿಸಿ. ಸಾಮಾನು ಹೇರಿದ ಸೈಕಲ್‌ಗೆ ದಿನಕ್ಕೆ ಒಂದು ಸಲ ಸಾಕು.

ಎರಡನೇದು ನೀರು. ನನ್ನ ಮೊದಲ ಪ್ರವಾಸ ಕೆಟ್ಟಿದ್ದೇ ಇದರಿಂದ. ಜುಲೈ ತಿಂಗಳು, ಕಮರಿಯ ತಳದ ಸೇಂತ್ ಎನಿಮಿ ಅನ್ನೋ ಊರಲ್ಲಿ ಊಟ ಮಾಡಿ ಎರಡು ಗಂಟೆಗೆ ಮೇಜಾನ್ ಕಡೆ ಹತ್ತಲು ಶುರು ಮಾಡಿದೆ. ಎರಡು ಬಾಟಲ್ ಇತ್ತು. ಮೇಲೆ ಹೋದರೆ ಹಳ್ಳಿ ಸಿಕ್ಕೇ ಸಿಗುತ್ತೆ ಅನ್ನೋ ಧೈರ್ಯ. ಬಂಡೆಗೆ ತಾಗಿ ಬಂದ ಬಿಸಿಲು ಮುಖಕ್ಕೆ ಒಲೆ ಹಿಡಿದ ಹಾಗಿತ್ತು. ಮೇಲೆ ತಲುಪುವಾಗ ಎರಡೂ ಖಾಲಿ. ಹಳ್ಳಿಯೇನೋ ಸಿಕ್ಕಿತು: ನಾಲ್ಕು ಕಲ್ಲಿನ ಮನೆ, ಎಲ್ಲದಕ್ಕೂ ಬಾಗಿಲು ಹಾಕಿತ್ತು. ಸುಣ್ಣಕಲ್ಲಿನ ನೆಲ ಅಲ್ವಾ, ಬಿದ್ದ ಮಳೆಯೆಲ್ಲ ಸಂದಿಗಳಲ್ಲಿ ಇಂಗಿ ಹೋಗಿ, ಕೆಳಗೆ ಕಮರಿಯಲ್ಲಿ ಊಟೆಯಾಗಿ ಹೊರಗೆ ಬರುತ್ತೆ. ಮೇಲೆ ಹೊಳೆಯಿಲ್ಲ, ತೊರೆಯಿಲ್ಲ. ಕುರಿಗಳಿಗೆ ಅಂತ ಕಲ್ಲು ಹಾಸಿದ ಹೊಂಡಗಳಿವೆ, 'ಲವೋನ್ಯ್' ಅಂತಾರೆ. ಅದರ ನೀರು ನೋಡಿದರೆ ನಮ್ಮೂರಿನ ಎಮ್ಮೆಯೂ ಯೋಚನೆ ಮಾಡೀತು. ಕೊನೆಗೆ ಒಂದು ಕುರಿ ಫಾರ್ಮಿನ ಅಜ್ಜಿ ಎರಡು ಬಾಟಲ್ ತುಂಬಿಸಿ, ಮೇಲೆ ಒಂದು ಬೈಗುಳವನ್ನೂ ಕೊಟ್ಟರು. ಅರ್ಧ ಅರ್ಥವಾಯಿತು, ಅಷ್ಟೇ ಸಾಕಾಯಿತು.

ಹಾಗಾಗಿ ಕಮರಿ ಬಿಟ್ಟು ಮೇಲೆ ಹೋಗುವಾಗ ಕನಿಷ್ಠ 3 ಲೀಟರ್ ಇರಲಿ. ಬೆಳಿಗ್ಗೆ ಏಳಕ್ಕೆಲ್ಲ ಏರು ಶುರು ಮಾಡಿ. ಫ್ರಾನ್ಸಿನ ಹಳ್ಳಿಗಳಲ್ಲಿ ಸ್ಮಶಾನದ ಗೇಟಿನ ಹತ್ತಿರ ಸಾಮಾನ್ಯವಾಗಿ ಒಂದು ನಲ್ಲಿ ಇರುತ್ತೆ, ಗೋರಿಯ ಹೂವಿಗೆ ನೀರು ಹಾಕಲು. ಇಲ್ಲಿನ ಸೈಕಲ್‌ನವರೆಲ್ಲ ಅಲ್ಲೇ ತುಂಬಿಸಿಕೊಳ್ಳೋದು. 'ನೋಂ ಪೊತಾಬ್ಲ್' ಅಂತ ಬೋರ್ಡ್ ಇದ್ದರೆ ಮಾತ್ರ ಕುಡಿಯಬೇಡಿ. ಯಾರ ಹತ್ತಿರ ಏನು ಕೇಳೋದಿದ್ದರೂ ಮೊದಲು 'ಬೋಂಝೂರ್' ಅನ್ನಿ. ಅದಿಲ್ಲದೆ ಸೀದಾ ನೀರು ಕೇಳಿದರೆ ಮುಖ ಗಂಟಾಗುತ್ತೆ.

ಈಗ ದಾರಿ. ನಾನಾಗಿದ್ದರೆ ಹೀಗೆ ಮಾಡುತ್ತೇನೆ. ಮೊದಲ ದಿನ ಮಿಯೋದಿಂದ ಲ ರೋಝಿಯೆಗೆ ಸುಮಾರು 20 ಕಿಲೋಮೀಟರ್. ಅಲ್ಲಿ ಝೋಂತ್ ಅನ್ನೋ ಚಿಕ್ಕ ನದಿ ತಾರ್ನ್‌ಗೆ ಸೇರುತ್ತೆ. ನೀವು ಬಲಕ್ಕೆ ತಿರುಗಿ ಝೋಂತ್ ಪಕ್ಕದಲ್ಲೇ ಮೇರುಎಸ್‌ವರೆಗೆ ಹೋಗಿ, ಇನ್ನೊಂದು 21 ಕಿಲೋಮೀಟರ್. ನಿಧಾನದ ಏರು. ಜನ ತಾರ್ನ್ ತಾರ್ನ್ ಅಂತಾರೆ, ನನಗೆ ಝೋಂತ್ ಇನ್ನೂ ಇಷ್ಟ. ದಾರಿಯಲ್ಲಿ ಕತ್ತೆತ್ತಿ ನೋಡಿ, ರಣಹದ್ದುಗಳು. ಅಲ್ಲಿ ಪೂರ್ತಿ ಅಳಿದು ಹೋಗಿದ್ದವನ್ನು 1981ರಿಂದ ಮತ್ತೆ ತಂದು ಬಿಟ್ಟರು, ಈಗ ಚೆನ್ನಾಗಿ ಹೆಚ್ಚಿಕೊಂಡಿವೆ. ಬಿಸಿಲೇರಿ ಗಾಳಿ ಬಿಸಿಯಾದ ಮೇಲೆ, ರೆಕ್ಕೆ ಬಡಿಯದೆ ಬಂಡೆಯ ಪಕ್ಕದಲ್ಲಿ ಸುತ್ತು ಹಾಕುತ್ತಾ ಏರುತ್ತವೆ. ಆ ಸೋಮಾರಿತನ ನೋಡಿ ಏರು ತುಳಿಯುವವರಿಗೆ ಹೊಟ್ಟೆಯುರಿಯುತ್ತೆ.

ಎರಡನೇ ದಿನ ಮೇರುಎಸ್‌ನಿಂದ ಫ್ಲೋರಾಕ್, 35 ಕಿಲೋಮೀಟರ್ ಅಷ್ಟೇ. ನಡುವೆ ಕೊಲ್ ದ ಪೆರ್ಜುರೆ ಅನ್ನೋ ಘಾಟಿ, 1028 ಮೀಟರ್ ಎತ್ತರ. ಏರು ಸುಲಭ, ಇಳಿಜಾರಿನಲ್ಲಿ ಹುಷಾರು. 1960ರ ಟೂರ್ ದ ಫ್ರಾನ್ಸ್‌ನಲ್ಲಿ ರೋಝೆ ರಿವಿಯೇರ್ ಇದೇ ಇಳಿಜಾರಿನಲ್ಲಿ, ಇಳಿಯೋದರಲ್ಲಿ ಪಳಗಿದ ಇಟಲಿಯ ರೇಸರ್ ನೆನ್‌ಚಿನಿಯನ್ನು ಹಿಂಬಾಲಿಸಿ ಹೋಗಿ ರಸ್ತೆಯಿಂದಾಚೆ ಕಂದರಕ್ಕೆ ಬಿದ್ದರು. ಬೆನ್ನುಮೂಳೆ ಮುರಿಯಿತು. ಒಂದು ಗಂಟೆಯಲ್ಲಿ ಅತಿ ಹೆಚ್ಚು ದೂರ ತುಳಿದ ದಾಖಲೆ ಹೊಂದಿದ್ದ ಮನುಷ್ಯ ಮತ್ತೆ ರೇಸಿಗೆ ಬರಲೇ ಇಲ್ಲ. ರಸ್ತೆ ಪಕ್ಕದಲ್ಲಿ ಸ್ಮಾರಕದ ಕಲ್ಲಿದೆ, ನಿಂತು ನೋಡಿ. ಹಾಗೇ ಬ್ರೇಕೂ ತಣ್ಣಗಾಗುತ್ತೆ. ಕಾಲು ಇನ್ನೂ ಸುಮ್ಮನಿರೋಲ್ಲ ಅಂದರೆ ಇದೇ ಘಾಟಿಯ ತುದಿಯಿಂದ ಮೋಂ ಎಗ್ವಾಲ್ ಬೆಟ್ಟಕ್ಕೆ ರಸ್ತೆ ಇದೆ, 1560 ಮೀಟರ್ ಮೇಲೆ, ತುದಿಯಲ್ಲಿ 1894ರಲ್ಲಿ ಕಟ್ಟಿ ಮುಗಿಸಿದ ಹವಾಮಾನ ವೀಕ್ಷಣಾಲಯ. ಬೇಸಿಗೆಯಲ್ಲೂ ಜಾಕೆಟ್ ಬೇಕು.

ಮೂರನೇ ದಿನದಿಂದ ತಾರ್ನ್. ಫ್ಲೋರಾಕ್‌ನಿಂದ ಮಿಯೋ ಕಡೆಗೇ ಬನ್ನಿ, ನೀವು ಬರೆದ ಹಾಗೆ ಉಲ್ಟಾ ಬೇಡ. ನದಿ ಹರಿಯುವ ದಿಕ್ಕು ಅದೇ. ಸೇಂತ್ ಎನಿಮಿಗೆ 28 ಕಿಲೋಮೀಟರ್, ಅಲ್ಲಿಂದ ಲಾ ಮಲೇನ್‌ಗೆ ಸುಮಾರು 14. ಲಾ ಮಲೇನ್‌ನಲ್ಲೇ ಎರಡು ರಾತ್ರಿ ಉಳಿಯಿರಿ ಅನ್ನೋದು ನನ್ನ ಸಲಹೆ, ಒಂದು ದಿನ ಜಾಸ್ತಿ ಆದರೂ ಪರವಾಗಿಲ್ಲ. ಟೆಂಟ್, ಚೀಲ ಎಲ್ಲ ಕ್ಯಾಂಪಿಂಗ್‌ನಲ್ಲಿ ಬಿಟ್ಟು, ಖಾಲಿ ಸೈಕಲ್‌ನಲ್ಲಿ ಮೇಜಾನ್ ಹತ್ತಿ. ಹೇರ್‌ಪಿನ್ ಮೇಲೆ ಹೇರ್‌ಪಿನ್, ಪ್ರತಿ ತಿರುವಿಗೂ ಊರು ಇನ್ನಷ್ಟು ಚಿಕ್ಕದಾಗುತ್ತೆ. ನಿಮಗೆ ಬೇಕಾದ 'ಕಮರಿ ದಾಟೋದು' ಅನ್ನೋ ಆಸೆ 18 ಕೆಜಿ ಇಲ್ಲದೆ ತೀರುತ್ತೆ. ಮರುದಿನ ಲೆ ವಿನ್ಯ್, ಲ ರೋಝಿಯೆ ಮೂಲಕ ಮಿಯೋಗೆ ಸುಮಾರು 43. ಹುಮ್ಮಸ್ಸಿದ್ದರೆ ಲೆ ವಿನ್ಯ್‌ನಿಂದ ಪ್ವಾಂ ಸ್ಯುಬ್ಲೀಮ್‌ಗೆ ಹತ್ತಿ ಇಳಿಯಿರಿ. ಕಮರಿಯ ತಿರುವು ಪೂರ್ತಿ ಕಾಣುವ ಜಾಗ ಅದು.

ಕಮರಿಯ ರಸ್ತೆ ಚಪ್ಪಟೆ ಅಂತ ಮಾತ್ರ ಅಂದುಕೊಳ್ಳಬೇಡಿ. ಬಂಡೆ ಅಡ್ಡ ಬಂದಲ್ಲೆಲ್ಲ ರಸ್ತೆ ಮೇಲೇರಿ ಮತ್ತೆ ಇಳಿಯುತ್ತೆ. ಬಂಡೆ ಕೊರೆದ ಚಿಕ್ಕ ಸುರಂಗಗಳೂ ಇವೆ. ಬಿಸಿಲಿನಿಂದ ಒಳಗೆ ಹೊಕ್ಕಾಗ ಎರಡು ಕ್ಷಣ ಕಣ್ಣು ಕಟ್ಟುತ್ತೆ, ಹಿಂದಿನ ಕಾರಿನವನಿಗೂ ಅಷ್ಟೇ. ಮುಂದೆ ಹಿಂದೆ ಲೈಟ್ ಹಗಲಲ್ಲೂ ಉರಿಯಲಿ, ಹಳದಿ ವೆಸ್ಟ್ ಹಾಕಿ. ಊರ ಹೊರಗೆ ರಾತ್ರಿ ಅಥವಾ ಮಂಜಿನಲ್ಲಿ ವೆಸ್ಟ್ ಇಲ್ಲಿ ಕಾನೂನೇ.

ಆಗಸ್ಟ್ ಬೇಡವೇ ಬೇಡ. ಆಗಸ್ಟ್ 15 ಇಲ್ಲಿಯೂ ರಜೆ, ಮೇರಿ ಮಾತೆಯ ಹಬ್ಬ. ಇಡೀ ಫ್ರಾನ್ಸ್ ರಸ್ತೆಯಲ್ಲಿರುತ್ತೆ. ದೋಣಿ ಬಾಡಿಗೆಯವರ ವ್ಯಾನ್, ಹಿಂದೆ ಟ್ರೇಲರ್, ಅದರ ಹಿಂದೆ ಮನೆಯಷ್ಟು ದೊಡ್ಡ ಕ್ಯಾಂಪರ್. ರಸ್ತೆ ಮಾತ್ರ ನಮ್ಮ ಹಳ್ಳಿ ರಸ್ತೆಯಷ್ಟೇ ಅಗಲ. ಜೂನ್ ಮೊದಲರ್ಧಕ್ಕೋ ಸೆಪ್ಟೆಂಬರ್ ಮೊದಲ ವಾರಕ್ಕೋ ಬದಲಾಯಿಸಿ. ಸೆಪ್ಟೆಂಬರ್ ಕೊನೆಗೆ ಹೋದರೆ ಇನ್ನೊಂದು ತಾಪತ್ರಯ: ಮೆಡಿಟರೇನಿಯನ್ ಕಡೆಯ ಒದ್ದೆ ಗಾಳಿ ಬೆಟ್ಟಕ್ಕೆ ಬಡಿದು ಒಂದೇ ದಿನದಲ್ಲಿ ವಿಪರೀತ ಮಳೆ ಸುರಿಯುತ್ತೆ, ನದಿ ಗಂಟೆಗಳಲ್ಲಿ ಏರುತ್ತೆ. ಇಲ್ಲಿನ ಹವಾಮಾನ ಇಲಾಖೆ ಮೆಟೆಯೋ ಫ್ರಾನ್ಸ್‌ನ ಎಚ್ಚರಿಕೆ ಮ್ಯಾಪಿನಲ್ಲಿ ಕಿತ್ತಳೆ ಬಣ್ಣ ಕಂಡರೆ ನದಿ ಪಕ್ಕದ ಟೆಂಟ್ ಎತ್ತಿಬಿಡಿ.

ಗೇರ್ ವಿಷಯ. ಗೇರ್ ಚಕ್ರ ಮುಂದೆ 34 ಹಲ್ಲು, ಹಿಂದೆ 28 ಹಲ್ಲು ಅಂತ ಬರೆದಿದ್ದೀರಿ. ಖಾಲಿ ಸೈಕಲ್‌ಗೆ ಸರಿ, ಸಾಮಾನಿಗೆ ಆಗೋಲ್ಲ. ಹಿಂದೆ ಕನಿಷ್ಠ 34 ಹಲ್ಲು ಬೇಕು, ಮುಂದೆ 30 ಸಿಕ್ಕರೆ ಮೊಣಕಾಲು ಹರಸುತ್ತೆ. ಚೈನ್ ಸರಿಸುವ ಡೀರೇಲರ್ ಅಷ್ಟು ದೊಡ್ಡ ಕ್ಯಾಸೆಟ್ (ಹಿಂದಿನ ಗೇರ್ ಚಕ್ರಗಳ ಗುಚ್ಛ) ತಡೆಯುತ್ತಾ ಅಂತ ಬೆಂಗಳೂರಲ್ಲೇ ಅಂಗಡಿಯಲ್ಲಿ ನೋಡಿಸಿ. ಬ್ರೇಕ್ ಪ್ಯಾಡ್ ಹೊಸದು ಹಾಕಿ, ಒಂದು ಜೊತೆ ಚೀಲದಲ್ಲಿರಲಿ. ಇಳಿಯುವಾಗ ಬ್ರೇಕ್ ಹಿಡಿದೇ ಇರಬೇಡಿ. ತಿರುವಿಗೆ ಮುಂಚೆ ಗಟ್ಟಿ ಹಿಡಿದು, ಬಿಟ್ಟು, ಮತ್ತೆ ಹಿಡಿಯಿರಿ. ಕಾಗದದ ಮಿಶಲಿನ್ ಮ್ಯಾಪ್ ಒಂದು ಕೊಳ್ಳಿ. ರಸ್ತೆ ಮೇಲಿನ ಬಾಣದ ಗುರುತು ಒಂದಿದ್ದರೆ 5ರಿಂದ 9 ಶೇಕಡಾ ಏರು, ಎರಡಿದ್ದರೆ 13ರವರೆಗೆ, ಮೂರಿದ್ದರೆ ಇಳಿದು ತಳ್ಳಿ. ಕಮರಿಯಲ್ಲಿ ಫೋನ್ ಸಿಗ್ನಲ್ ನಂಬೋ ಹಾಗಿಲ್ಲ.

ಊಟ. ಸಸ್ಯಾಹಾರಿ ಅಂದಿದ್ದೀರಿ. 'ಅಲಿಗೋ' ತಿನ್ನಿ, ಆಲೂಗಡ್ಡೆಗೆ ಎಳೆ ಚೀಸ್, ಬೆಳ್ಳುಳ್ಳಿ ಹಾಕಿ ದಾರ ಬರುವ ಹಾಗೆ ತಿರುವಿರುತ್ತಾರೆ. ಪಕ್ಕದಲ್ಲಿ ಸಾಸೇಜ್ ಇಡುತ್ತಾರೆ, ಮೊದಲೇ ಬೇಡ ಅನ್ನಿ. ರೋಕ್‌ಫೋರ್ ಚೀಸ್ ಆ ಊರ ಕಡೆಯದೇ, ಕುರಿ ಹಾಲಿನದು. ಆದರೆ ಹೆಪ್ಪಿಗೆ ಕುರಿಮರಿ ಹೊಟ್ಟೆಯ ರೆನೆಟ್ ಹಾಕುತ್ತಾರೆ, ಕಟ್ಟುನಿಟ್ಟಿನವರಾದರೆ ಬಿಡಿ. ಮಧ್ಯಾಹ್ನ ಹನ್ನೆರಡೂವರೆಗೆ ಅಂಗಡಿ ಮುಚ್ಚಿದರೆ ಮೂರರವರೆಗೂ ತೆಗೆಯೋಲ್ಲ, ಸೋಮವಾರ ಎಷ್ಟೋ ಬೇಕರಿಗಳಿಗೆ ರಜೆ. ಊರಿಂದ ಗೊಜ್ಜವಲಕ್ಕಿ ಮಿಕ್ಸ್ ತನ್ನಿ, ನೀರು ಹಾಕಿದರೆ ಮುಗಿಯಿತು. ಗ್ಯಾಸ್ ಡಬ್ಬಿ ವಿಮಾನದಲ್ಲಿ ಬಿಡೋಲ್ಲ, ಇಲ್ಲೇ ಕೊಳ್ಳಿ. ಇಲ್ಲಿ ಚುಚ್ಚುವುದು, ಕ್ಲಿಕ್ ಆಗುವುದು, ತಿರುಪಿನದು ಮೂರೂ ಬಗೆ ಇವೆ, ನಿಮ್ಮ ಸ್ಟವ್‌ಗೆ ಯಾವುದು ಅಂತ ತಿಳಿದುಕೊಂಡು ಬನ್ನಿ. ನಾನು ಒಂದು ಸಲ ತಪ್ಪು ಡಬ್ಬಿ ಹೊತ್ತು ಮೂರು ದಿನ ತಣ್ಣೀರಿನ ಅವಲಕ್ಕಿ ತಿಂದಿದ್ದೇನೆ.

ಟುಲೂಸ್‌ನಿಂದ ಮಿಯೋಗೆ ಬೆಝಿಯೆಯಲ್ಲಿ ರೈಲು ಬದಲಾಯಿಸಿ. ಬೆಝಿಯೆಯಿಂದ ಬೆಟ್ಟದ ಲೈನ್, ದಿನಕ್ಕೆ ಕೆಲವೇ ರೈಲು, ಟೈಮ್ ನೋಡಿಕೊಂಡೇ ಹೊರಡಿ. ಟಿಇಆರ್ ಅನ್ನೋ ಪ್ರಾದೇಶಿಕ ರೈಲಿನಲ್ಲಿ ಸೈಕಲ್ ಹಾಗೇ ಏರಿಸಬಹುದು, ಅದನ್ನು ನೇತು ಹಾಕುವ ಕೊಕ್ಕೆಗಳು ಕಮ್ಮಿ. ಪ್ಯಾರಿಸ್‌ನಿಂದ ಟಿಜಿವಿ ಅನ್ನೋ ಅತಿ ವೇಗದ ರೈಲು ಹಿಡಿಯೋದಾದರೆ ಸಾಮಾನ್ಯವಾಗಿ ಚಕ್ರ ಬಿಚ್ಚಿ 130×90 ಸೆಂಟಿಮೀಟರ್ ಚೀಲಕ್ಕೆ ಹಾಕಬೇಕಾಗುತ್ತೆ.

ನಿಮ್ಮ ಡೀರೇಲರ್ ಮತ್ತು ಕ್ಯಾಸೆಟ್‌ನ ಫೋಟೋ ಇಲ್ಲೇ ಹಾಕಿ, 34 ಹಲ್ಲು ಕೂರುತ್ತಾ ನೋಡಿ ಹೇಳುತ್ತೇನೆ. ಜೂನ್‌ಗೆ ಬದಲಾಯಿಸಿದರೆ ಅದನ್ನೂ ತಿಳಿಸಿ. ಮೊದಲ ದಿನ ಮೇರುಎಸ್‌ವರೆಗೆ ನಾನೂ ಬರಬಹುದು.