ಸ್ಟ್ರೆಚರ್ ಆಮೇಲೆ ತನ್ನಿ
ಪಡುಬಿದ್ರಿ ಹೆದ್ದಾರಿಯಲ್ಲಿ ಅಪಘಾತವಾದಾಗ ನೆರವಾಗಲು ಯುವಕ ಮಂಡಲದಿಂದ ತಂಡ ಕಟ್ಟುತ್ತೇವೆ, ಸ್ಟ್ರೆಚರ್ ತರಬೇಕಾ ಅಂತ ಕೇಳಿದ್ದೀರಿ. ಈಗಲೇ ಬೇಡ. ಕೈಗವಸು, ದಪ್ಪ ಗಾಜ್ ಬಟ್ಟೆ, ಅಗಲದ ಬ್ಯಾಂಡೇಜು ಮೊದಲು. ರಕ್ತ ಜೋರಾಗಿ ಹೋಗುತ್ತಿದ್ದರೆ ಗಾಯದ ಮೇಲೆ ಬಟ್ಟೆ ಇಟ್ಟು ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ನಿಂತಿತಾ ಅಂತ ಎತ್ತೆತ್ತಿ ನೋಡಬಾರದು. ಬಟ್ಟೆ ನೆನೆದರೆ ಅದರ ಮೇಲೇ ಇನ್ನೊಂದು.

ನೀರು ಕುಡಿಸುವುದು, ಹೆಲ್ಮೆಟ್ ಎಳೆಯುವುದು, ರಿಕ್ಷಾದಲ್ಲಿ ಮಡಚಿ ಕೂರಿಸುವುದು: ನಮ್ಮ ಕಡೆ ಇದನ್ನೆಲ್ಲ ಬಿಡಿಸುವುದೇ ದೊಡ್ಡ ಕೆಲಸ ಅಲ್ವಾ! 108ಕ್ಕೆ ಫೋನ್ ಯಾರು, ಗಾಡಿಗಳನ್ನು ನಿಧಾನ ಮಾಡಿಸುವವರು ಯಾರು ಅಂತ ಮೊದಲೇ ಹಂಚಿಕೊಳ್ಳಿ. ಪೊಲೀಸ್ ಕೇಸಿನ ಭಯ ಬೇಡ. ಮೋಟಾರು ವಾಹನ ಕಾಯ್ದೆಯ 134ಎ ಕಲಂ ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ತರಬೇತಿಗೆ ಉಡುಪಿಯ ರೆಡ್‌ಕ್ರಾಸ್ ಶಾಖೆಯಲ್ಲಿ ವಿಚಾರಿಸಿ.