ಕುಡಿತ ಬಿಡಿಸುವುದು ಯಾರ ಕೆಲಸ?

ಓದುಗರ ಪತ್ರ: ಮಾನ್ಯ ಸಂಪಾದಕರೇ, ತಾಲ್ಲೂಕು ಆಸ್ಪತ್ರೆಗಳಲ್ಲಿ ಮದ್ಯವ್ಯಸನಿಗಳ ಚಿಕಿತ್ಸೆಗೆ ಹಾಸಿಗೆ ಮೀಸಲಿಡಬೇಕು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಾವು ಬೆವರು ಸುರಿಸಿ ಕಟ್ಟಿದ ತೆರಿಗೆಯಲ್ಲಿ ಕುಡುಕರ ಆರೈಕೆ ಏಕೆ ಆಗಬೇಕು? ಕುಡಿಯಿರಿ ಎಂದು ಅವರ ಬಾಯಿಗೆ ಸುರಿದವರು ಯಾರು? ನಮ್ಮ ಸಂಬಂಧಿಕರ ಹುಡುಗನೊಬ್ಬನನ್ನು ಕೋಣೆಯಲ್ಲಿ ಕೂಡಿಹಾಕಿ ನಾವೇ ಬಿಡಿಸಿದೆವು. ಮರುದಿನ ಫಿಟ್ಸ್ ಬಂತು, ಮೂರನೆಯ ದಿನ ಗೋಡೆಯ ತುಂಬ ಇರುವೆ ಹರಿಯುತ್ತಿವೆ ಎಂದು ಕಿರುಚಿದ, ಆಮೇಲೆ ಸರಿಹೋದ. ಮನಸ್ಸು ಗಟ್ಟಿ ಇದ್ದರೆ ಸಾಕು. ಸರ್ಕಾರಕ್ಕೆ ಪ್ರಾಮಾಣಿಕತೆ ಇದ್ದರೆ ಒಂದೇ ದಿನದಲ್ಲಿ ಎಲ್ಲ ಅಂಗಡಿಗಳನ್ನೂ ಮುಚ್ಚಲಿ. — ನಿವೃತ್ತ ಶಿಕ್ಷಕ, ಹಾವೇರಿ ಜಿಲ್ಲೆ

ಸಂಪಾದಕರ ಉತ್ತರ: ಮೇಷ್ಟ್ರೇ, ಅಂಗಡಿ ಮುಚ್ಚಲಿ ಎಂಬ ನಿಮ್ಮ ಸಿಟ್ಟಿಗೆ ನನ್ನ ಗೌರವವಿದೆ. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕೆ ಒತ್ತಾಯಿಸಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸುಮಾರು ಇನ್ನೂರು ಕಿಲೋಮೀಟರ್ ನಡೆದು ಬಂದ ಹೆಣ್ಣುಮಕ್ಕಳ ಸಿಟ್ಟೂ ಅದೇ. ಸಂಜೆ ಕೂಲಿ ಹಣ ಮನೆಗೆ ಬರುತ್ತದೋ ಇಲ್ಲವೋ ಎಂದು ಬಾಗಿಲಲ್ಲಿ ಕಾಯುವವರಿಗೆ ಪಾನನಿರೋಧ ಬೇಕೆನಿಸಿದರೆ ಅವರನ್ನು ಅರ್ಥಶಾಸ್ತ್ರ ತಿಳಿಯದವರೆಂದು ತಳ್ಳಿಹಾಕುವುದು ಸೊಕ್ಕಿನ ಮಾತಾದೀತು. ಪಾನನಿರೋಧಕ್ಕೆ ಸರ್ಕಾರ ಯತ್ನಿಸಬೇಕೆನ್ನುವ ಸಂವಿಧಾನದ 47ನೆಯ ವಿಧಿಯೂ ನಿಮ್ಮ ಕಡೆಗೇ ಇದೆ.

ಆದರೆ ಒಂದೇ ದಿನದಲ್ಲಿ ಮುಚ್ಚಿದ್ದರ ಅನುಭವ ನಮ್ಮ ರಾಜ್ಯಕ್ಕೆ ಇಲ್ಲದಿಲ್ಲ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಪ್ಯಾಕೆಟ್ ಹಲ್ಲಿನಲ್ಲಿ ಕಚ್ಚಿ ಹರಿದು ನಿಂತಲ್ಲೇ ಹೀರುವ ದೃಶ್ಯ ಬಸ್ ನಿಲ್ದಾಣಗಳಿಂದ ಮಾಯವಾಯಿತೆಂದು ನಾವೆಲ್ಲ ಹರ್ಷಿಸಿದೆವು. ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ಪಕ್ಕದ ಕೃಷ್ಣಗಿರಿ ಕಡೆ ಕಳ್ಳಭಟ್ಟಿ ಕುಡಿದು ನೂರೈವತ್ತಕ್ಕೂ ಹೆಚ್ಚು ಮಂದಿ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಕೂಲಿಕಾರರು. ಉಳಿದವರು ಅಗ್ಗದ ವಿಸ್ಕಿಗೆ ಹೋದರು, ಸರ್ಕಾರದ ಅಬಕಾರಿ ಆದಾಯ ಏರುತ್ತಲೇ ಬಂತು. ಬಿಹಾರ 2016ರಲ್ಲಿ ಪೂರ್ಣ ನಿಷೇಧ ತಂದಿತು, 2022ರ ಡಿಸೆಂಬರ್‌ನಲ್ಲಿ ಅಲ್ಲಿನ ಸಾರಣ ಜಿಲ್ಲೆಯಲ್ಲಿ ಸಾಲು ಸಾಲು ಹೆಣ ಬಿದ್ದವು. ಅಂಗಡಿ ತೆರೆದಿದ್ದ ಕಾಲದಲ್ಲೂ ಇಂಥದ್ದು ನಡೆದಿದೆ ಎಂಬುದನ್ನು ಮರೆಯಬಾರದು. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯಕ್ಕೆ ಮುನ್ನೂರಕ್ಕೂ ಹೆಚ್ಚು ಜನ ಬಲಿಯಾದರು. ಹಾಗಾಗಿ ನಿಷೇಧವೊಂದೇ ಕೊಂದಿತೆಂದು ನಾನು ಹೇಳುವುದಿಲ್ಲ. ನಿಷೇಧಿಸಿದ ಮರುದಿನ ಕೈ ನಡುಗುವವನು ಎಲ್ಲಿಗೆ ಹೋಗಬೇಕು ಎಂದು ಯಾವ ಸರ್ಕಾರವೂ ಸಾಕಷ್ಟು ಯೋಚಿಸಿಲ್ಲ ಎಂಬುದಷ್ಟೇ ನನ್ನ ತಕರಾರು.

ಇನ್ನು ಆ ಕೋಣೆಯ ವಿಷಯ. ನೀವು ಅದನ್ನು ಹೆಮ್ಮೆಯಿಂದ ಬರೆದಿದ್ದೀರಿ, ನಾನು ಓದಿ ಬೆಚ್ಚಿದೆ. ವರ್ಷಗಟ್ಟಲೆ ದಿನವೂ ಕುಡಿದವನ ಮಿದುಳು ಮದ್ಯದ ಒತ್ತಡಕ್ಕೆ ಒಗ್ಗಿಹೋಗಿರುತ್ತದೆ. ಆ ಒತ್ತಡವನ್ನು ಹಠಾತ್ತಾಗಿ ತೆಗೆದರೆ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ವಾಂತಿ ಶುರುವಾಗುತ್ತವೆ. ಒಂದೆರಡು ದಿನದೊಳಗೆ ಕೆಲವರಿಗೆ ಅಪಸ್ಮಾರದಂಥ ಸೆಳವು ಬರುತ್ತದೆ. ಎರಡು ಮೂರನೆಯ ದಿನಕ್ಕೆ ಇನ್ನು ಕೆಲವರಿಗೆ ಇಲ್ಲದ ಹುಳುಹುಪ್ಪಟೆ ಕಾಣುವ, ಊರು ಹೊತ್ತು ತಿಳಿಯದ ಸನ್ನಿ ಹಿಡಿಯುತ್ತದೆ. ವೈದ್ಯರು ಡೆಲಿರಿಯಮ್ ಟ್ರೆಮೆನ್ಸ್ ಎಂದು ಕರೆಯುವ ಈ ಸ್ಥಿತಿಗೆ ಚಿಕಿತ್ಸೆ ಸಿಗದಿದ್ದರೆ ಪ್ರಾಣ ಹೋಗಬಹುದು. ಆ ಹುಡುಗ ಉಳಿದದ್ದು ಅವನ ಅದೃಷ್ಟ. ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಲೊರಾಜೆಪಾಮ್‌ನಂಥ ಮಾತ್ರೆಗಳನ್ನು ಮೊದಲು ಹೆಚ್ಚು ಕೊಟ್ಟು, ಬಳಿಕ ದಿನದಿನಕ್ಕೆ ಇಳಿಸುತ್ತಾ, ಜೊತೆಗೆ ಥಯಮಿನ್ ಎಂಬ ಬಿ1 ಜೀವಸತ್ವದ ಇಂಜೆಕ್ಷನ್ ಕೊಟ್ಟಿದ್ದರೆ ಅವನು ಆ ಇರುವೆಗಳನ್ನು ಕಾಣಬೇಕಾಗಿರಲಿಲ್ಲ. ಸಣ್ಣ ಆಸ್ಪತ್ರೆಗಳಲ್ಲಿ ಕುಡಿದು ಬಿದ್ದವನಿಗೆ ಬಂದೊಡನೆ ಗ್ಲೂಕೋಸ್ ಬಾಟಲಿ ಏರಿಸುವ ರೂಢಿಯಿದೆ. ಥಯಮಿನ್ ಕೊರತೆಯಿರುವ ದೇಹಕ್ಕೆ ಗ್ಲೂಕೋಸ್ ಮಾತ್ರ ಹರಿಸಿದರೆ ಮಿದುಳಿಗೆ ಕಾಯಂ ಏಟು ಬೀಳುವ ಅಪಾಯವಿದೆ. ಅಗ್ಗದ ಒಂದು ಇಂಜೆಕ್ಷನ್, ಅದನ್ನು ಕೊಡಬೇಕೆಂಬ ತಿಳಿವಳಿಕೆ, ಇವೆರಡು ಇಲ್ಲದೆ ನೆನಪಿನ ಶಕ್ತಿಯನ್ನೇ ಕಳೆದುಕೊಂಡವರಿದ್ದಾರೆ.

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆದಾಗ ಇಡೀ ದೇಶವೇ ನಿಮ್ಮ ಆ ಕೋಣೆಯಾಯಿತು. ಬೆಂಗಳೂರಿನ ಆಸ್ಪತ್ರೆಗಳಿಗೆ ಸೆಳವು ಮತ್ತು ಸನ್ನಿಯಿಂದ ಬಂದವರ ಸಂಖ್ಯೆ ಏರಿತೆಂದು ವೈದ್ಯರೇ ದಾಖಲಿಸಿದ್ದಾರೆ. ಮೇ 4ರಂದು ಅಂಗಡಿ ತೆರೆದಾಗ ಕಿಲೋಮೀಟರ್‌ಗಟ್ಟಲೆ ನಿಂತ ಸಾಲನ್ನು ಟಿವಿಯಲ್ಲಿ ನೋಡಿ ನಕ್ಕವರು ಬಹಳ. ಆ ಸಾಲಿನಲ್ಲಿ ಎಷ್ಟು ಜನ ಕಾಯಿಲೆಯವರು ನಿಂತಿದ್ದರೆಂದು ಕೇಳಿದ ಆ್ಯಂಕರ್ ಒಬ್ಬರೂ ನನ್ನ ಕಣ್ಣಿಗೆ ಬೀಳಲಿಲ್ಲ.

‘ಮನಸ್ಸು ಗಟ್ಟಿ’ ಎಂಬ ಮಾತಿಗೂ ನನ್ನ ಆಕ್ಷೇಪವಿದೆ. ಸಕ್ಕರೆ ಕಾಯಿಲೆಯವರು ಸಿಹಿ ಬಿಡದಿದ್ದರೆ ನಾವು ಅವರಿಗೆ ಇನ್ಸುಲಿನ್ ನಿಲ್ಲಿಸುವುದಿಲ್ಲ. ಏಮ್ಸ್ ನೇತೃತ್ವದಲ್ಲಿ ನಡೆದು 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯದ ಸಮಸ್ಯೆಗೆ ನೆರವು ಬೇಕಾದವರು ದೇಶದಲ್ಲಿ ಐದೂವರೆ ಕೋಟಿಗೂ ಹೆಚ್ಚು. ಮದ್ಯಕ್ಕೆ ಪೂರ್ಣ ದಾಸರಾದವರಲ್ಲಿ 38 ಮಂದಿಗೆ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ. ಉಳಿದ 37 ಮಂದಿಗೆ ಮನಸ್ಸು ಗಟ್ಟಿಯಿಲ್ಲವೆನ್ನುವುದು ಸುಲಭ. ಆದರೆ ನಮ್ಮ ನೆರೆಯ ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆದ ಪ್ರಯೋಗವೊಂದನ್ನು ನೋಡಿ. ವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯ ಆಪ್ತಸಮಾಲೋಚಕರು ಅಪಾಯಕಾರಿಯಾಗಿ ಕುಡಿಯುತ್ತಿದ್ದ ಗಂಡಸರೊಡನೆ ಹೆಚ್ಚೆಂದರೆ ನಾಲ್ಕು ಬಾರಿ ಕುಳಿತು ಮಾತಾಡಿದರು. ಮೂರು ತಿಂಗಳ ಬಳಿಕ ಅಂಥವರಲ್ಲಿ ಶೇ 36ರಷ್ಟು ಮಂದಿ ಅಪಾಯದ ಗೆರೆಯಿಂದ ಕೆಳಗಿಳಿದಿದ್ದರು. ಮಾಮೂಲಿ ಆರೈಕೆ ಪಡೆದವರಲ್ಲಿ ಅದು ಶೇ 26 ಮಾತ್ರ. 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ಇದನ್ನು ಪ್ರಕಟಿಸಿತು. ಇದು ಪವಾಡವಲ್ಲ, ಆದರೆ ಆಶಾ ಕಾರ್ಯಕರ್ತೆಗೆ ಕಲಿಸಬಹುದಾದಷ್ಟು ಸರಳ. ಕಡುಬಯಕೆ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಮಾತ್ರೆಗಳೂ ಇವೆ. ನಮ್ಮ ಊರುಗಳ ಮದ್ಯವರ್ಜನ ಶಿಬಿರಗಳಲ್ಲಿ ಭಜನೆ, ಯೋಗ, ಹೆಂಡತಿ ಮಕ್ಕಳ ಕಣ್ಣೀರಿನ ನಡುವೆ ಬಿಟ್ಟವರನ್ನು ನಾನು ಬಲ್ಲೆ, ಅವರಿಗೆ ಕೈಮುಗಿಯುತ್ತೇನೆ. ಅಲ್ಲಿಗೂ ಒಬ್ಬ ವೈದ್ಯ ಬೇಕೇ ಬೇಕು.

ವೈದ್ಯರಿಲ್ಲದ ಕಡೆ ಏನು ಬೆಳೆಯುತ್ತದೆ ಎಂದು ತಿಳಿಯಲು ಯಾವುದೇ ಬಸ್ ನಿಲ್ದಾಣದ ಶೌಚಾಲಯದ ಗೋಡೆ ನೋಡಿ. ‘ಅವರಿಗೆ ಗೊತ್ತಾಗದಂತೆ ಕುಡಿತ ಬಿಡಿಸಿ’ ಎಂಬ ಚೀಟಿಯಿದೆ, ಕೆಳಗೆ ಮೊಬೈಲ್ ಸಂಖ್ಯೆಯಿದೆ. ಅಂಥ ಪುಡಿಯಲ್ಲಿ ಹಲವು ಸಲ ಇರುವುದು ಡೈಸಲ್ಫಿರಾಮ್. ಅದನ್ನು ಸಾರಿನಲ್ಲಿ ಕಲಸಿ ಉಣ್ಣಿಸಿದ ಮೇಲೆ ಆತ ತಿಳಿಯದೆ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿಯುತ್ತದೆ. ರೋಗಿಯ ಒಪ್ಪಿಗೆಯಿದ್ದು ವೈದ್ಯರು ಕೊಟ್ಟರೆ ಒಳ್ಳೆಯ ಔಷಧವಾಗುವ ಅದು ಅಡುಗೆಮನೆಯಲ್ಲಿ ವಿಷವಾಗುತ್ತದೆ. ಅಷ್ಟು ದೂರ ಹೋಗುವ ಹೆಂಡತಿಯನ್ನು ನಾನು ದೂಷಿಸಲಾರೆ, ಅವಳಿಗೆ ಬೇರೆ ಬಾಗಿಲನ್ನು ಯಾರೂ ತೋರಿಸಿಲ್ಲ.

ನೀವು ತೆರಿಗೆಯ ಲೆಕ್ಕ ಎತ್ತಿದ್ದೀರಿ, ಗಣಿತ ಕಲಿಸಿದವರಿರಬಹುದು, ಒಟ್ಟಿಗೇ ಲೆಕ್ಕ ಹಾಕೋಣ. 2025-26ರ ರಾಜ್ಯ ಬಜೆಟ್ ಅಬಕಾರಿಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ. ಅದನ್ನು ಕಟ್ಟುವವರು ಕುಡಿಯುವವರೇ, ಅವರಲ್ಲೂ ಅತಿಯಾಗಿ ಕುಡಿಯುವವರ ಪಾಲು ದೊಡ್ಡದು. ಸಗಟು ವ್ಯಾಪಾರ ಪೂರ್ತಿಯಾಗಿ ಸರ್ಕಾರದ ಪಾನೀಯ ನಿಗಮದ ಕೈಯಲ್ಲಿದೆ, ಚಿಲ್ಲರೆಗೂ ಸರ್ಕಾರದ್ದೇ ಆದ ಎಂಎಸ್‌ಐಎಲ್ ಮಳಿಗೆಗಳಿವೆ. ನಿಮ್ಮ ಪತ್ರದ ‘ಬಾಯಿಗೆ ಸುರಿದವರು ಯಾರು’ ಎಂಬ ಪ್ರಶ್ನೆಗೆ ಇದೂ ಒಂದು ಉತ್ತರ. ಮಗುವನ್ನು ಚಿವುಟಿ ತೊಟ್ಟಿಲು ತೂಗುವುದು ಎನ್ನುತ್ತಾರೆ. ಇಲ್ಲಿ ತೊಟ್ಟಿಲು ತೂಗುವ ಶ್ರಮವನ್ನೂ ತೆಗೆದುಕೊಂಡಿಲ್ಲ. ಮದ್ಯದಿಂದ ಬರುವ ಆದಾಯಕ್ಕಿಂತ ಆಸ್ಪತ್ರೆ, ಅಪಘಾತ, ಕಳೆದ ದುಡಿಮೆಯ ರೂಪದಲ್ಲಿ ಆಗುವ ನಷ್ಟವೇ ಹೆಚ್ಚು ಎಂದು ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ಕಾಲು ಶತಮಾನದ ಹಿಂದೆಯೇ ಕರ್ನಾಟಕದ ಲೆಕ್ಕವಿಟ್ಟು ತೋರಿಸಿದರು. ಆ ವರದಿಯ ಬಳಿಕವೂ ಪ್ರತಿ ವರ್ಷ ಬಜೆಟ್‌ನಲ್ಲಿ ಗುರಿ ಏರುತ್ತದೆ, ಗುರಿ ಮುಟ್ಟಿದ ಸುದ್ದಿಯನ್ನು ಸಾಧನೆಯಂತೆ ಪತ್ರಿಕೆಗಳು ಅಚ್ಚುಹಾಕುತ್ತವೆ.

ಕುಡಿತ ತಗ್ಗಿಸುವ ದಾರಿ ಗುಟ್ಟೇನಲ್ಲ. 2010ರಲ್ಲಿ ವಿಶ್ವ ಆರೋಗ್ಯ ಸಭೆ ಒಪ್ಪಿದ ಕಾರ್ಯತಂತ್ರದಿಂದ ಇಂದಿನವರೆಗೆ ತಜ್ಞರು ಹೇಳುತ್ತಿರುವುದು ಮುಖ್ಯವಾಗಿ ಮೂರು: ಬೆಲೆ ಏರಿಸಿ, ಸುಲಭವಾಗಿ ಕೈಗೆ ಸಿಗದಂತೆ ಮಾಡಿ, ಜಾಹೀರಾತು ನಿಲ್ಲಿಸಿ. ಸ್ಕಾಟ್ಲೆಂಡ್ 2018ರಲ್ಲಿ ಮದ್ಯದ ಪ್ರತಿ ಯೂನಿಟ್ಟಿಗೆ (ಹತ್ತು ಮಿಲಿಲೀಟರ್ ಶುದ್ಧ ಮದ್ಯಸಾರ) 50 ಪೆನ್ಸ್ ಕನಿಷ್ಠ ಬೆಲೆ ಕಟ್ಟಿತು, ಮದ್ಯದಿಂದಲೇ ಆಗುವ ಸಾವುಗಳು, ಆ ಕ್ರಮವಿಲ್ಲದಿದ್ದರೆ ಆಗುತ್ತಿದ್ದುದಕ್ಕಿಂತ ಸುಮಾರು ಶೇ 13ರಷ್ಟು ಕಡಿಮೆಯಾದವೆಂದು ಅಂದಾಜು. ನಮ್ಮಲ್ಲಿ ತೊಂಬತ್ತು ಮಿಲಿಲೀಟರ್‌ನ ಟೆಟ್ರಾ ಪ್ಯಾಕ್ ಇದೆ. ಜೇಬಿನಲ್ಲಿ ಹಿಡಿಸುತ್ತದೆ, ಗೂಡಂಗಡಿಯ ಬಿಸ್ಕತ್ ಡಬ್ಬದ ಹಿಂದೆ ಅಡಗುತ್ತದೆ, ಕೂಲಿಯ ಚಿಲ್ಲರೆಗೆ ಎಟಕುತ್ತದೆ. 2007ರಲ್ಲಿ ಓಡಿಸಿದ ಪ್ಯಾಕೆಟ್ ಹೊಸ ಅಂಗಿ ತೊಟ್ಟು ಬಂದಿದೆ, ಅಷ್ಟೇ. 2023ರ ಜನವರಿಯಲ್ಲಿ ಮದ್ಯ ಕೊಳ್ಳುವ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಕರಡು ಹೊರಬಿತ್ತು; ಜನ ವಿರೋಧಿಸಿದ್ದರಿಂದ ಹಿಂದೆ ಸರಿಯಿತು. ಟಿವಿಯಲ್ಲಿ ಮದ್ಯದ ಜಾಹೀರಾತು ನಿಷಿದ್ಧ ಎನ್ನುತ್ತೇವೆ, ಆದರೆ ಅದೇ ಹೆಸರಿನ ಸೋಡಾ, ಅದೇ ಹೆಸರಿನ ಸಂಗೀತ. ನಾನೂ ಮನೆಯಲ್ಲಿ ಕುಳಿತು ‘ಈ ಸಲ ಕಪ್ ನಮ್ದೇ’ ಎಂದು ಕೂಗಿದವನೇ, ಆರ್‌ಸಿಬಿ ಕ್ರಿಕೆಟ್ ತಂಡಕ್ಕೆ ಆ ಹೆಸರು ವಿಸ್ಕಿಯ ಬ್ರ್ಯಾಂಡಿನಿಂದ ಬಂದದ್ದೆಂದು ಮೊಮ್ಮಗನಿಗೆ ಹೇಳುವುದು ಮಾತ್ರ ಕಷ್ಟವಾಗುತ್ತದೆ.

ಚಿಕಿತ್ಸೆಗೆ ಹಣ ಕೇಳಿದರೆ ವಿಮೆ ಇದೆಯಲ್ಲ ಎನ್ನುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯಿದೆ ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಯಿಂದಾಗುವ ಸ್ಥಿತಿಯನ್ನು ಮಾನಸಿಕ ಕಾಯಿಲೆಯ ವ್ಯಾಪ್ತಿಗೆ ಸೇರಿಸಿ, ದೈಹಿಕ ಕಾಯಿಲೆಗಿರುವಂತೆಯೇ ಅದಕ್ಕೂ ವಿಮೆ ಇರಬೇಕೆಂದಿತು. ಆದರೆ ಹಲವು ವಿಮಾ ಪಾಲಿಸಿಗಳ ಸಣ್ಣಕ್ಷರದಲ್ಲಿ ಮದ್ಯವ್ಯಸನದ ಚಿಕಿತ್ಸೆ ಇಂದಿಗೂ ಹೊರಗೇ ಉಳಿದಿದೆ. ಒಂದು ಕೈಯಲ್ಲಿ ಬರೆದದ್ದನ್ನು ಇನ್ನೊಂದು ಕೈಯಲ್ಲಿ ಅಳಿಸುವುದರಲ್ಲಿ ನಮ್ಮ ವ್ಯವಸ್ಥೆ ನಿಪುಣ.

ಥಾಯ್ಲೆಂಡ್ 2001ರಲ್ಲಿ ಒಂದು ಕಾನೂನು ಮಾಡಿ, ಮದ್ಯ ಮತ್ತು ತಂಬಾಕಿನ ಸುಂಕದ ಮೇಲೆ ಶೇ 2ರಷ್ಟು ಹೆಚ್ಚುವರಿಯಾಗಿ ಪಡೆದು ಆರೋಗ್ಯ ಸಂವರ್ಧನೆಗೇ ಮೀಸಲಿಟ್ಟಿತು. ನಮ್ಮ ಅಬಕಾರಿ ಗುರಿಯ ಶೇ 2 ಎಂದರೆ 800 ಕೋಟಿ ರೂಪಾಯಿ. ಅದರಲ್ಲಿ ಪ್ರತಿ ತಾಲ್ಲೂಕು ಆಸ್ಪತ್ರೆಗೆ ಹಾಸಿಗೆ, ಔಷಧ, ಆಪ್ತಸಮಾಲೋಚಕರನ್ನು ಕೊಟ್ಟು ಉಳಿಕೆಯೂ ಆದೀತು. ನಿಮ್ಮ ತೆರಿಗೆಯ ಒಂದು ಪೈಸೆಯೂ ಬೇಡ ಮೇಷ್ಟ್ರೇ, ಕುಡಿದವರ ದುಡ್ಡಿನಲ್ಲೇ ಕುಡಿದವರ ಚಿಕಿತ್ಸೆ. ಮನೋಚೈತನ್ಯ ಯೋಜನೆಯಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡು ಇದೆ, ಮಾನಸಿಕ ಆರೋಗ್ಯದ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ. ಹೊಸದಾಗಿ ಕಟ್ಟಬೇಕಾದ್ದು ಕಡಿಮೆಯೇ. ನಿಮ್ಮಂಥ ಹಿರಿಯರ ಮಾತಿಗೆ ಊರಿನಲ್ಲಿ ಬೆಲೆಯಿದೆ. ಶಾಸಕರು ಮುಂದಿನ ಸಲ ಬಂದಾಗ ಎಲ್ಲ ಅಂಗಡಿ ಮುಚ್ಚಿಸಿ ಎಂದು ಕೇಳುವ ಮೊದಲು ಮೂರು ಸಣ್ಣ ಪ್ರಶ್ನೆ ಕೇಳಿ: ನಮ್ಮ ತಾಲ್ಲೂಕು ಆಸ್ಪತ್ರೆಯ ಔಷಧ ಕೋಣೆಯಲ್ಲಿ ಥಯಮಿನ್ ಇಂಜೆಕ್ಷನ್ ಇದೆಯೇ, ಮಂಗಳವಾರದ ಮನೋವೈದ್ಯರು ಬರುತ್ತಿದ್ದಾರೆಯೇ, ಆಪ್ತಸಮಾಲೋಚಕರ ಹುದ್ದೆ ಭರ್ತಿಯಾಗಿದೆಯೇ. ಅವರು ಕೊಟ್ಟ ಉತ್ತರವನ್ನು ನಮಗೆ ಬರೆದು ಕಳಿಸಿ, ಅಚ್ಚುಹಾಕುತ್ತೇವೆ.