ಸ್ಪ್ಲಿಟರ್ ಅಲ್ಲ, ಮ್ಯಾಟ್ರಿಕ್ಸ್ ತಗೊಳ್ಳಿ

ಶಿರಸಿಯ ನಿಮ್ಮ ಸಭಾಭವನಕ್ಕೆ 2 ಕ್ಯಾಮೆರಾ, 1 ಲ್ಯಾಪ್‌ಟಾಪ್. ತಾಳಮದ್ದಳೆ ನಡೆಯುವಾಗ ವೇದಿಕೆಯ ಪ್ರೊಜೆಕ್ಟರಿಗೆ ಸ್ಲೈಡು, ಊಟದ ಹಾಲಿನ ಟಿವಿಗೆ ಅರ್ಥಧಾರಿಗಳು. ಸ್ವಿಚ್ಚೋ ಸ್ಪ್ಲಿಟರೋ ಅಂತ ಕೇಳಿದ್ದೀರಿ. ಎರಡೂ ಸಾಲದು. ಸ್ವಿಚ್ಚು ಹಲವು ಮೂಲಗಳಲ್ಲಿ ಒಂದನ್ನು ಆರಿಸಿ ಒಂದು ಪರದೆಗೆ ಕಳಿಸುತ್ತದೆ, ಸ್ಪ್ಲಿಟರ್ ಒಂದನ್ನೇ ಎಲ್ಲ ಪರದೆಗೂ ಹಂಚುತ್ತದೆ. ಯಾವುದನ್ನು ಯಾವ ಪರದೆಗಾದರೂ ಕಳಿಸಲು 4×2 (ನಾಲ್ಕು ಒಳಬರುವ, ಎರಡು ಹೊರಹೋಗುವ ಜೋಡಣೆಯ) ಎಚ್‌ಡಿಎಂಐ ಮ್ಯಾಟ್ರಿಕ್ಸೇ ಬೇಕು.

ಅದರಲ್ಲೂ ‘ಸೀಮ್‌ಲೆಸ್’ ಮಾದರಿಯನ್ನೇ ಕೇಳಿ. ಸಾದಾ ಮಾದರಿಯಲ್ಲಿ ಮೂಲ ಬದಲಿಸಿದಾಗಲೆಲ್ಲ ಪರದೆ ಕೆಲವು ಕ್ಷಣ ಕಪ್ಪಾಗುತ್ತದೆ. ಕೃಷ್ಣ ಸಂಧಾನದ ವಾದ ಕಾವೇರಿದಾಗ ಹಾಗಾದರೆ ಕೂತು ನೋಡುವವರಿಗೆ ನಿಜಕ್ಕೂ ನೋವು. ಮೂರೂ ಮೂಲಗಳನ್ನು 1080ಪಿಗೇ (ಫುಲ್ ಎಚ್‌ಡಿ) ಹೊಂದಿಸಿ. 4ಕೆಗೆ ಹಣ ಸುರಿಯಬೇಡಿ, ಅದನ್ನು ಕೇಬಲಿಗೆ ಇಡಿ.

ಮಾಮೂಲಿ ಎಚ್‌ಡಿಎಂಐ ಕೇಬಲ್ಲನ್ನು 10-15 ಮೀಟರಿನಾಚೆ ನಂಬಬೇಡಿ. ಎಚ್‌ಡಿಎಂಐ ಚಿತ್ರವನ್ನು ನೆಟ್‌ವರ್ಕ್ ತಂತಿಯಲ್ಲಿ ದೂರಕ್ಕೆ ಕಳಿಸುವ ಎಚ್‌ಡಿಬೇಸ್‌ಟಿ ಎಕ್ಸ್‌ಟೆಂಡರ್ ಹಾಕಿದರೆ ಒಳ್ಳೆಯ ಕ್ಯಾಟ್-6 ನೆಟ್‌ವರ್ಕ್ ತಂತಿಯಲ್ಲಿ 1080ಪಿ ಚಿತ್ರ 100 ಮೀಟರ್ ಹೋಗುತ್ತದೆ. ಆದರೆ ಊಟದ ಹಾಲು ಬೇರೆ ಕಟ್ಟಡವಾಗಿದ್ದರೆ ತಾಮ್ರದ ತಂತಿ ಬೇಡವೇ ಬೇಡ, ಫೈಬರ್ ಎಳೆಸಿ. ನಮ್ಮ ಕಡೆಯ ಸಿಡಿಲು ನಿಮಗೆ ಗೊತ್ತೇ ಇದೆ. ಹೊರಗೆ ಎಳೆದ ತಾಮ್ರದ ತಂತಿಯಲ್ಲಿ ಬಂದರೆ ಮ್ಯಾಟ್ರಿಕ್ಸು, ಟಿವಿ ಎರಡೂ ಹೋದಾವು.

ಕ್ಯಾಮೆರಾಗಳಲ್ಲಿ ಎಸ್‌ಡಿಐ ಔಟ್ (ವೃತ್ತಿಪರ ಕ್ಯಾಮೆರಾಗಳಲ್ಲಿರುವ ವಿಡಿಯೊ ಜೋಡಣೆ) ಇದೆಯೇ ನೋಡಿ ಹೇಳಿ, ಇದ್ದರೆ ಬೇರೆ ದಾರಿಯೂ ಉಂಟು.